ಸಪ್ತಾಪುರದ ಬರಿಸ್ತಾಗೆ 12 ಸೂತ್ರಗಳು: ಕಾಫಿ ಕೌಂಟರ್‌ನಲ್ಲೇ ಕರಿಯರ್ ಕಟ್ಟಿ

ಧಾರವಾಡದ ಸಪ್ತಾಪುರ ಬಾವಿಯಿಂದ ಮಿಚಿಗನ್ ಕಾಂಪೌಂಡ್ ಕಡೆಗೆ ನಡೆದು ನೋಡಿ. ಕೋಚಿಂಗ್ ಸೆಂಟರ್ ಬೋರ್ಡು, ರೀಡಿಂಗ್ ರೂಮು, ಪಿಜಿ, ಝೆರಾಕ್ಸ್ ಅಂಗಡಿ, ಖಾನಾವಳಿ, ಮತ್ತೆ ಕೋಚಿಂಗ್ ಸೆಂಟರ್. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆ ಅಂತ ಊರೂರಿನಿಂದ ಬಂದ ಹುಡುಗ–ಹುಡುಗಿಯರು ಇಲ್ಲಿ ಚಾ ಕುಡಿದು ಓದುತ್ತಾರೆ. ಈಗ ಕಾಫಿ ಶಾಪಿನಲ್ಲೂ ಕೂರುತ್ತಾರೆ. ಅವರಿಗೆ ಕ್ಯಾಪುಚಿನೊ ಮಾಡಿಕೊಡುವ ಕೈ ನಿಮ್ಮದಾಗಿದ್ದರೆ, ಅಥವಾ ನಾಳೆಯಿಂದ ಆಗಲಿದ್ದರೆ, ಈ ಸೂತ್ರಗಳು ನಿಮಗೆ. ದಿನಕ್ಕೆ ಎಂಟೊಂಬತ್ತು ಗಂಟೆ ನಿಂತು ಮಾಡುವ ಈ ಕೆಲಸ ಹಗುರದ್ದಲ್ಲ. ಆದರೆ ಸರಿಯಾಗಿ ಹಿಡಿದರೆ ಇಷ್ಟು ಬೇಗ ಕೈಗೆ ಸ್ಕಿಲ್ ಕೊಡುವ ಕೆಲಸಗಳು ಕಡಿಮೆ.

1. ಟೈಂಪಾಸ್ ಕೆಲಸ ಅಂದುಕೊಳ್ಳುವುದನ್ನು ಇವತ್ತೇ ನಿಲ್ಲಿಸಿ

ಹಬ್ಬಕ್ಕೆ ಊರಿಗೆ ಹೋದಾಗ ಕಾಕಾ ಕೇಳುತ್ತಾರೆ: “ಏನ್ ಮಾಡಾಕತ್ತೀಪಾ ಧಾರವಾಡದಾಗ?” ನೀವು ನೆಲ ನೋಡುತ್ತಾ “ಓದಾಕತ್ತೇನ್ರಿ” ಅನ್ನುತ್ತೀರಿ. ಬೇಡ. ತಲೆ ಎತ್ತಿ ಹೇಳಿ: “ಕಾಫಿ ಶಾಪಿನ್ಯಾಗ ಬರಿಸ್ತಾ ಕೆಲಸ ಮಾಡಾಕತ್ತೇನ್ರಿ ಕಾಕಾ.” ಕೆಲಸದ ಬಗ್ಗೆ ಮುಜುಗರ ಪಡುವವರು ಆ ಕೆಲಸ ಕಲಿಯುವುದಿಲ್ಲ. ಮುಜುಗರ ಗುಣವಲ್ಲ, ಅಭ್ಯಾಸ. ಅಭ್ಯಾಸ ಬದಲಿಸಬಹುದು.

ಒಂದು ಸಂಗತಿ ತಲೆಯಲ್ಲಿಡಿ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ, ಮೂರೇ ಜಿಲ್ಲೆಗಳ ದುಡಿಮೆ ಅದು. ಕೆಫೆ ಕಾಫಿ ಡೇ ಮೊದಲ ಅಂಗಡಿ 1996ರಲ್ಲಿ ತೆರೆದದ್ದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ, ತೆರೆದ ವಿ.ಜಿ. ಸಿದ್ಧಾರ್ಥ ಚಿಕ್ಕಮಗಳೂರಿನವರು. ಬೆಳೆಯುವುದು ನಮ್ಮವರಾದ ಮೇಲೆ ಹುರಿಯುವ, ಇಳಿಸುವ, ರುಚಿ ನೋಡಿ ಹೇಳುವ ಕೆಲಸದಲ್ಲೂ ನಮ್ಮ ಮಕ್ಕಳೇ ಮುಂದಿರಬೇಕು. ಸಪ್ತಾಪುರದ ಕೌಂಟರ್ ಹಿಂದೆ ನಿಂತವರಿಗೆ ಆ ಹಕ್ಕು ಪೂರ್ತಿ ಇದೆ.

2. ಅಂದಾಜು ಬಿಡಿ, ತೂಕ ಹಿಡಿಯಿರಿ

ಎಸ್‌ಪ್ರೆಸೊಗೆ ನಾಲ್ಕು ಅಂಕಿ ಬಾಯಿಪಾಠ ಮಾಡಿ: 18 ಗ್ರಾಂ ಪುಡಿ, ಕಪ್ಪಿಗೆ 36 ಗ್ರಾಂ ಡಿಕಾಕ್ಷನ್, 25ರಿಂದ 30 ಸೆಕೆಂಡ್, 9 ಬಾರ್ ಒತ್ತಡ. ನೀರು 90ರಿಂದ 96 ಡಿಗ್ರಿ ನಡುವೆ. ನಿಮ್ಮ ಶಾಪಿನ ರೆಸಿಪಿ ಒಂದೆರಡು ಗ್ರಾಂ ಅತ್ತಿತ್ತ ಇರಬಹುದು. ಅದೇ ನಿಮಗೆ ಪ್ರಮಾಣ. ಸ್ಕೇಲ್ ಪಕ್ಕದಲ್ಲೇ ಇರಲಿ.

ಶಾಟ್ 15 ಸೆಕೆಂಡಿಗೇ ಓಡಿ ಬಂತೇ? ಪುಡಿ ದಪ್ಪ ಆಗಿದೆ, ಗ್ರೈಂಡರ್ ಸಣ್ಣಕ್ಕೆ ತಿರುಗಿಸಿ. ಹಾಗೇ ಬಿಟ್ಟರೆ ಕಾಫಿ ಹುಳಿ, ತೆಳು ಅನ್ನಿಸುತ್ತದೆ. 45 ಸೆಕೆಂಡ್ ಆದರೂ ತೊಟ್ಟಿಕ್ಕುತ್ತಿದೆಯೇ? ಪುಡಿ ತೀರಾ ನಯ, ದಪ್ಪಕ್ಕೆ ತಿರುಗಿಸಿ. ಇಲ್ಲದಿದ್ದರೆ ಸುಟ್ಟ ಕಹಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿಯ ತೂಕ, ಗ್ರೈಂಡ್, ಸಮಯ ಮೂರನ್ನೂ ಒಟ್ಟಿಗೆ ಕೆಣಕಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತೇ ಆಗುವುದಿಲ್ಲ.

ಧಾರವಾಡದ ಜುಲೈ ಮಳೆ ನಿಮಗೆ ಪಾಠ ಕಲಿಸುತ್ತದೆ. ಗಾಳಿಯಲ್ಲಿ ತೇವ ಏರಿದ ದಿನ ನಿನ್ನೆಯ ಸೆಟ್ಟಿಂಗ್ ಇವತ್ತಿಗೆ ಕೂಡುವುದಿಲ್ಲ. ಆದ್ದರಿಂದ ಒಂದು ಸಣ್ಣ ನೋಟ್‌ಬುಕ್ ಇಡಿ: ತಾರೀಖು, ಬೀನ್ಸ್ ಹುರಿದ ದಿನ, ಗ್ರೈಂಡ್ ನಂಬರ್, ಸೆಕೆಂಡ್, ರುಚಿ. ಒಂದು ಮಳೆಗಾಲ ಬರೆದಿಟ್ಟರೆ ಮುಂದಿನ ಮಳೆಗಾಲಕ್ಕೆ ಶಾಪಿನಲ್ಲಿ ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ.

3. ಹಾಲಿನ ಮೇಲೆ ಹಿಡಿತ ಸಾಧಿಸಿ

ನಮ್ಮ ಕಡೆ ಕಾಫಿ ಅಂದರೆ ಹಾಲಿನ ಕಾಫಿ. ನಿಮ್ಮ ಹತ್ತು ಆರ್ಡರ್‌ಗಳಲ್ಲಿ ಹೆಚ್ಚಿನವು ಹಾಲಿನವೇ ಆಗಿರುತ್ತವೆ. ಹಾಗಾಗಿ ಇಲ್ಲಿ ಗೆದ್ದವರೇ ಸಪ್ತಾಪುರದಲ್ಲಿ ಗೆದ್ದವರು.

ಜಗ್ಗಿಗೆ ತಣ್ಣಗಿನ ಹಾಲು ಹಾಕಿ, ಮೂತಿಯ ಬುಡದವರೆಗೆ ಮಾತ್ರ. ಸ್ಟೀಮ್ ನಳಿಕೆಯನ್ನು ಒಮ್ಮೆ ಖಾಲಿ ಬಿಟ್ಟು ಒಳಗಿನ ನೀರು ಹೊರಗೆ ಹಾಕಿ. ತುದಿಯನ್ನು ಹಾಲಿನ ಮೇಲ್ಮೈಗೆ ತುಸುವೇ ಕೆಳಗಿಟ್ಟು ಪೂರ್ತಿ ತೆರೆಯಿರಿ. ಕಾಗದ ಹರಿದಂಥ ಸದ್ದು ಬರಬೇಕು. ಕ್ಯಾಪುಚಿನೊಗೆ ಅದು ಮೂರ್ನಾಲ್ಕು ಸೆಕೆಂಡ್ ಸಾಕು. ಕಿರುಚುವ ಸದ್ದು ಬಂದರೆ ಗಾಳಿ ಸೇರುತ್ತಿಲ್ಲ. ಗುಳುಗುಳು ಅಂದರೆ ಗಾಳಿ ಅತಿಯಾಯಿತು. ಆಮೇಲೆ ತುದಿಯನ್ನು ಇನ್ನಷ್ಟು ಇಳಿಸಿ, ಜಗ್ ಸ್ವಲ್ಪ ಓರೆ ಹಿಡಿದು ಹಾಲು ಸುಳಿಯಾಗಿ ತಿರುಗಲು ಬಿಡಿ. ಅಂಗೈ ಜಗ್ಗಿನ ತಳದಲ್ಲಿರಲಿ. ಇನ್ನು ಹಿಡಿಯಲು ಆಗುವುದಿಲ್ಲ ಅನ್ನಿಸಿದ ಕ್ಷಣ ಬಂದ್ ಮಾಡಿ. ಅದು ಸುಮಾರು 60 ಡಿಗ್ರಿ. 70 ದಾಟಿದರೆ ಹಾಲಿನ ಸಿಹಿ ಹೋಗಿ ಕುದಿಸಿದ ವಾಸನೆ ಬರುತ್ತದೆ. ನಳಿಕೆಯನ್ನು ಅಲ್ಲೇ, ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಹಾಲು ಒಣಗಿ ಹತ್ತಿಕೊಂಡರೆ ಸಂಜೆ ತಿಕ್ಕುವವರೂ ನೀವೇ.

ಪ್ಯಾಕೆಟ್ ಓದಿ. ಟೋನ್ಡ್ ಹಾಲಿನಲ್ಲಿ ಫ್ಯಾಟ್ ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5, ಫುಲ್ ಕ್ರೀಮ್‌ನಲ್ಲಿ ಶೇ 6. ನೊರೆ ನಿಲ್ಲಿಸುವುದು ಪ್ರೋಟೀನ್, ಬಾಯಿ ತುಂಬುವ ರುಚಿ ಕೊಡುವುದು ಫ್ಯಾಟ್. ಯಾವ ಹಾಲು ಯಾವ ಡ್ರಿಂಕ್‌ಗೆ ಅಂತ ಕಾರಣ ಕೊಟ್ಟು ಹೇಳಬಲ್ಲ ಹುಡುಗನನ್ನು ಯಾವ ಮ್ಯಾನೇಜರೂ ಕಳೆದುಕೊಳ್ಳಲು ಬಯಸುವುದಿಲ್ಲ. ಲಾಟೆ ಆರ್ಟ್ ಕಲಿಯಲು ಅವಸರ ಬೇಡ. ನೊರೆ ರೇಷ್ಮೆಯ ಹದಕ್ಕೆ ಬಂದ ಮೇಲೆ ಹಾರ್ಟ್ ತಾನಾಗಿ ಬೀಳುತ್ತದೆ.

4. ನೀರು ಎಲ್ಲಿಯದು ಅಂತ ಕೇಳಿ

ಎಸ್‌ಪ್ರೆಸೊದಲ್ಲಿ ಬಹುಪಾಲು ನೀರೇ. ಟ್ಯಾಂಕಿನಲ್ಲಿರುವುದು ಮಲಪ್ರಭೆಯದೋ ಬೋರ್‌ವೆಲ್ಲಿನದೋ ಅಂತ ತಿಳಿದುಕೊಳ್ಳಿ. ಗಡಸು ನೀರು ಬಾಯ್ಲರ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಮಷಿನ್ ಕೆಡಿಸುತ್ತದೆ. ಪೂರ್ತಿ ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆ. ಕಾಫಿಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 150ರ ಆಸುಪಾಸು ಇದ್ದರೆ ಒಳ್ಳೆಯದು. ಟಿಡಿಎಸ್ ಮೀಟರ್ ದುಬಾರಿ ವಸ್ತುವಲ್ಲ, ತರಿಸಿಕೊಡಿ ಎಂದು ಮಾಲೀಕರನ್ನು ಕೇಳಿ.

5. ಓಪನಿಂಗ್ ಶಿಫ್ಟ್ ಕೇಳಿ ಪಡೆಯಿರಿ

ಎಲ್ಲರೂ ತಪ್ಪಿಸಿಕೊಳ್ಳುವ ಶಿಫ್ಟ್ ಇದು. ನೀವು ಹಿಡಿಯಿರಿ. ಮಷಿನ್ ಆನ್ ಮಾಡಿ ಪೂರ್ತಿ ಬಿಸಿಯಾಗಲು ಅರ್ಧ ಗಂಟೆ ಬಿಡಿ. ಗ್ರೈಂಡರ್‌ನಲ್ಲಿ ಉಳಿದ ನಿನ್ನೆಯ ಪುಡಿ ಹೊರಗೆ ಹಾಕಿ. ಮೊದಲ ಶಾಟ್ ಸಿಂಕಿಗೆ, ಎರಡನೆಯದು ನಾಲಿಗೆಗೆ. ಫ್ರಿಜ್‌ನಲ್ಲಿ ಹಳೆಯ ಹಾಲು ಮುಂದೆ, ಹೊಸದು ಹಿಂದೆ. ಗಿರಾಕಿ ಬರುವ ಮುಂಚಿನ ಈ ಒಂದು ತಾಸಿನಲ್ಲಿ ಮಷಿನ್ ನಿಮ್ಮ ಒಬ್ಬರದೇ. ಪ್ರಾಕ್ಟೀಸ್‌ಗೆ ಇದಕ್ಕಿಂತ ಒಳ್ಳೆಯ ಕ್ಲಾಸ್ ಬೆಂಗಳೂರಿನಲ್ಲೂ ಇಲ್ಲ.

ಕ್ಲೋಸಿಂಗ್ ಶಿಫ್ಟ್ ಬಂದರೆ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ: ಪಿಜಿ ಗೇಟ್ ಎಷ್ಟಕ್ಕೆ ಹಾಕುತ್ತಾರೆ, ಹುಬ್ಬಳ್ಳಿ ಕಡೆಯವರಾದರೆ ಕೊನೆಯ ಚಿಗರಿ ಬಸ್ ಎಷ್ಟಕ್ಕೆ. ಹೆಣ್ಣುಮಕ್ಕಳು ರಾತ್ರಿ ವಾಪಸ್ ಹೋಗುವ ವಾಹನದ ವ್ಯವಸ್ಥೆಯನ್ನು ಕೆಲಸಕ್ಕೆ ಸೇರುವ ದಿನವೇ ಮಾತಾಡಿ ಮುಗಿಸಿ. ಆಮೇಲೆ ಕೇಳಲು ಸಂಕೋಚ ಬರುತ್ತದೆ, ಮೊದಲೇ ಕೇಳಿದರೆ ಅದು ಬರೀ ವಿಚಾರಣೆ.

6. ಚಾ ಊರಿನ ಗಿರಾಕಿಯನ್ನು ಗೌರವಿಸಿ

ಇದು ಚಾ ಊರು. ಕಾಫಿ ಮೆನು ಓದಿ ಅಭ್ಯಾಸ ಇಲ್ಲದವರು ಬರುತ್ತಾರೆ. ಅವರಿಗೆ ಮೆನು ಕಷ್ಟವಾದರೆ ಅದನ್ನು ಸುಲಭ ಮಾಡುವುದು ನಿಮ್ಮ ಡ್ಯೂಟಿ.

ಒಂದು ಘಟನೆ ಪ್ರತಿ ವಾರ ನಡೆಯುತ್ತದೆ. ಗೆಳೆಯರೊಂದಿಗೆ ಮೊದಲ ಸಲ ಬಂದ ಹುಡುಗ ಮೆನುವಿನ ಬೆಲೆಯ ಸಾಲನ್ನಷ್ಟೇ ನೋಡುತ್ತಾನೆ. ಎಲ್ಲಕ್ಕಿಂತ ಕಡಿಮೆ ಬೆಲೆ ಎಸ್‌ಪ್ರೆಸೊಗೆ. ಅದನ್ನೇ ಹೇಳುತ್ತಾನೆ. ಬರುವುದು ಎರಡು ಗುಟುಕಿನ ಕರಿ ಕಾಫಿ. ಅವನು ಕಪ್ಪಿನ ಒಳಗೆ ನೋಡುತ್ತಾನೆ, ಗೆಳೆಯರ ಮುಖ ನೋಡುತ್ತಾನೆ, ಏನೂ ಅನ್ನದೆ ಕುಡಿಯುತ್ತಾನೆ. ಮತ್ತೆ ಆ ಬಾಗಿಲಿಗೆ ಬರುವುದಿಲ್ಲ. ಈ ನಷ್ಟ ತಡೆಯಲು ಒಂದೇ ಮಾತು ಸಾಕು, ಬಿಲ್ ಮಾಡುವ ಮೊದಲು: “ಅಣ್ಣಾರ, ಇದು ಸಣ್ಣ ಕಪ್ಪಿನ್ಯಾಗ ಬರ್ತೈತ್ರಿ, ಹಾಲು ಇರಂಗಿಲ್ಲ, ಕಹಿ ಇರ್ತೈತಿ. ಹಾಲಿಂದು ಬೇಕಂದ್ರ ಕ್ಯಾಪುಚಿನೊ ಮಾಡ್ಲೇನ್ರಿ?” ದನಿ ಸಣ್ಣದಾಗಿರಲಿ, ಹಿಂದಿನ ಟೇಬಲ್ಲಿಗೆ ಕೇಳಬಾರದು. ಅವನ ಮರ್ಯಾದೆ ಉಳಿಯಿತು, ನಿಮಗೆ ಕಾಯಂ ಗಿರಾಕಿ ಸಿಕ್ಕ.

ಸಕ್ಕರೆ ಜಾಸ್ತಿ ಕೇಳಿದರೆ ನಗಬೇಡಿ, ಕೊಡಿ. ಇನ್ನೂ ಬಿಸಿ ಬೇಕು ಅಂದರೆ ಕಪ್ಪನ್ನು ಬಿಸಿನೀರಿನಲ್ಲಿ ಕಾಯಿಸಿ ಕೊಡಿ, ಹಾಲು ಸುಡಬೇಡಿ. ಒಂದು ಕೋಲ್ಡ್ ಕಾಫಿ ಇಟ್ಟುಕೊಂಡು ಮೂರು ತಾಸು ಕರೆಂಟ್ ಅಫೇರ್ಸ್ ಓದುವವರನ್ನು ಎಬ್ಬಿಸಲು ಹೋಗಬೇಡಿ. ನೀರು ತುಂಬಿಸಿ, “ಮತ್ತೇನರೆ ತರ್ಲೇನ್ರಿ?” ಅಂತ ಒಮ್ಮೆ ಕೇಳಿ. ರಿಸಲ್ಟ್ ಬಂದ ದಿನ ಅವರು ಇಡೀ ಬ್ಯಾಚ್ ಕರೆದುಕೊಂಡು ಬರುವುದು ನಿಮ್ಮ ಶಾಪಿಗೇ. ಓದುವ ಮಕ್ಕಳಿಗೆ ಕೂರಲು ಜಾಗ ಕೊಡುವುದು ಈ ಊರಿನಲ್ಲಿ ವ್ಯಾಪಾರ ಮಾತ್ರವಲ್ಲ, ಪುಣ್ಯದ ಕೆಲಸವೂ ಹೌದು ಎಂದು ನಾನು ನಂಬುತ್ತೇನೆ.

7. ರಶ್ ಬಂದಾಗ ಕೈಗಿಂತ ತಲೆ ಮುಂದೆ ಓಡಲಿ

ಸಂಜೆ ಬ್ಯಾಚ್ ಬಿಟ್ಟ ಕೂಡಲೇ ಎಂಟು ಆರ್ಡರ್ ಒಟ್ಟಿಗೆ ಬೀಳುತ್ತವೆ. ಗಾಬರಿ ಬೇಡ. ಮೊದಲು ಚೀಟಿಗಳನ್ನು ಸಾಲಾಗಿಡಿ. ಒಂದೇ ತರದ ಎರಡು ಡ್ರಿಂಕ್ ಇದ್ದರೆ ಒಂದೇ ಜಗ್ಗಿನಲ್ಲಿ ಹಾಲು ಕಾಯಿಸಿ. ಶಾಟ್ ಬೀಳುವ 25 ಸೆಕೆಂಡ್ ಸುಮ್ಮನೆ ನಿಲ್ಲುವ ಹೊತ್ತಲ್ಲ, ಹಾಲು ಶುರು ಮಾಡುವ ಹೊತ್ತು. ಪಾರ್ಟ್‌ನರ್‌ಗೆ ಜೋರಾಗಿ ಹೇಳಿ: ಯಾವುದು ಮುಗಿಯಿತು, ಯಾವುದು ಬಾಕಿ. ತಪ್ಪಾದ ಡ್ರಿಂಕ್ ಮತ್ತೆ ಮಾಡುವುದಕ್ಕೆ ಹಿಡಿಯುವ ಸಮಯ, ಮೊದಲೇ ನಿಧಾನಿಸಿ ಕೇಳುವುದಕ್ಕೆ ಹಿಡಿಯುವುದಿಲ್ಲ.

8. ಮೈಯನ್ನು ಮಷಿನ್‌ಗಿಂತ ಜೋಪಾನ ಮಾಡಿ

ಮೊದಲ ತಿಂಗಳು ಹಿಮ್ಮಡಿ ನೋಯುತ್ತದೆ, ಆಮೇಲೆ ಸೊಂಟ, ಆಮೇಲೆ ಮಣಿಕಟ್ಟು. ಇದನ್ನು ತಡೆದುಕೊಳ್ಳುವುದೇ ಧೈರ್ಯ ಅಂತ ತಿಳಿಯಬೇಡಿ. ಮುಂಭಾಗ ಮುಚ್ಚಿದ, ಜಾರದ ಶೂ ಕೊಳ್ಳಿ. ಮೊದಲ ಸಂಬಳದಲ್ಲಿ ಮೊಬೈಲ್ ಕವರ್‌ಗಿಂತ ಮೊದಲು ಅದು ಬರಲಿ. ಪುಡಿ ಒತ್ತುವಾಗ ಮಣಿಕಟ್ಟು ನೇರ, ಮೊಣಕೈ ಟ್ಯಾಂಪರ್ ಮೇಲೆ, ಒತ್ತಡ ಭುಜದಿಂದ. ಮಣಿಕಟ್ಟು ಬಾಗಿಸಿ ದಿನಕ್ಕೆ ನೂರು ಸಲ ಒತ್ತಿದರೆ ನೋವು ಕಾಯಂ ಆಗುತ್ತದೆ.

ಖಾಲಿ ಹೊಟ್ಟೆಯಲ್ಲಿ ಶಾಟ್ ರುಚಿ ನೋಡಬೇಡಿ. ಖಾನಾವಳಿಯಲ್ಲಿ ಎರಡು ರೊಟ್ಟಿ, ಪಲ್ಯ ತಿಂದೇ ಶಿಫ್ಟ್ ಹತ್ತಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಮಿತಿ. ಒಂದು ಸಿಂಗಲ್ ಎಸ್‌ಪ್ರೆಸೊದಲ್ಲೇ ಸುಮಾರು 60 ಮಿಲಿಗ್ರಾಂ ಇರುತ್ತದೆ, ರೊಬಸ್ಟಾ ಸೇರಿದ ಬ್ಲೆಂಡ್ ಆದರೆ ಇನ್ನೂ ಹೆಚ್ಚು. ರುಚಿ ನೋಡಿ, ಉಗುಳಿ. ಕಾಫಿ ಕಪ್ಪಿಂಗ್ ಮಾಡುವ ದೊಡ್ಡ ದೊಡ್ಡ ಪರಿಣತರೂ ಹಾಗೆಯೇ ಮಾಡುತ್ತಾರೆ.

9. ಸಂಬಳದ ಲೆಕ್ಕ ಸೇರುವ ದಿನವೇ ಮಾಡಿ

ಹೇಳಿದ ಸಂಬಳ ಬೇರೆ, ಕೈಗೆ ಬರುವ ಸಂಬಳ ಬೇರೆ. ಉದಾಹರಣೆಗೆ ತಿಂಗಳಿಗೆ 14,000 ರೂಪಾಯಿ, ಅಷ್ಟೂ ಬೇಸಿಕ್ ಅಂದುಕೊಳ್ಳಿ. ಪಿಎಫ್ ಶೇ 12, ಅಂದರೆ 1,680 ಕಡಿತ. ಇಎಸ್‌ಐ ಶೇ 0.75, ಅಂದರೆ 105. ಕೈಗೆ 12,215. ಆದರೆ ಇದನ್ನು ನಷ್ಟ ಅಂತ ಬರೆದುಕೊಳ್ಳಬೇಡಿ. ಮಾಲೀಕರೂ ಪಿಎಫ್‌ಗೆ ಶೇ 12 ಹಾಕಬೇಕು, ಇಎಸ್‌ಐಗೆ ಶೇ 3.25 ಹಾಕಬೇಕು. ಇಎಸ್‌ಐ ಇದ್ದರೆ ಕೈ ಸುಟ್ಟುಕೊಂಡ ದಿನ ಆಸ್ಪತ್ರೆ ಖರ್ಚು ನಿಮ್ಮ ತಲೆ ಮೇಲೆ ಬೀಳುವುದಿಲ್ಲ. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಇಎಸ್‌ಐ ಅನ್ವಯಿಸುತ್ತದೆ. ಪಿಎಫ್‌ಗೆ 20 ಜನ ಇರಬೇಕು. ನಾಲ್ಕೈದು ಜನರ ಸಣ್ಣ ಶಾಪಿಗೆ ಸೇರುತ್ತಿದ್ದರೆ ಇವೆರಡೂ ಇರಲಿಕ್ಕಿಲ್ಲ. ಹಾಗಿದ್ದಾಗ ಸಂಬಳ ಸ್ವಲ್ಪ ಹೆಚ್ಚು ಕೇಳಿ, ಆ ಹೆಚ್ಚಿನದ್ದನ್ನು ನೀವೇ ಆರ್‌ಡಿ ಕಟ್ಟಿ.

ಕೆಲಸದ ಅವಧಿಯೂ ಲೆಕ್ಕವೇ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸಿನ ಮಿತಿ ಹಾಕಿತು. ಅದರಾಚೆ ದುಡಿದರೆ ಎರಡು ಪಟ್ಟು ಕೂಲಿ, ಐದು ತಾಸಿನ ಕೆಲಸದ ಮೇಲೆ ಒಂದು ತಾಸು ವಿರಾಮ, ವಾರಕ್ಕೊಂದು ರಜೆ. ಈ ಮಾತುಗಳನ್ನು ಜಗಳದ ದನಿಯಲ್ಲಿ ಆಡಬೇಕಿಲ್ಲ. “ಸರ್, ಓವರ್‌ಟೈಮ್ ಹೆಂಗ ಲೆಕ್ಕಾ ಹಿಡೀತೀರಿ?” ಅಂತ ಇಂಟರ್‌ವ್ಯೂನಲ್ಲೇ ಕೇಳಿ. ನೇರವಾಗಿ ಉತ್ತರಿಸುವ ಮಾಲೀಕರ ಕೈಕೆಳಗೆ ದುಡಿಯಿರಿ.

10. ಪರೀಕ್ಷೆಯೂ ಬೇಕೆಂದರೆ ಟೈಂಟೇಬಲ್ ಕಟ್ಟಿ

ಎಫ್‌ಡಿಎ ಕನಸು ಬಿಟ್ಟಿಲ್ಲವೇ? ಒಳ್ಳೆಯದು. ಆದರೆ ಫುಲ್‌ಟೈಮ್ ಕೆಲಸ ಮಾಡುತ್ತಾ ದಿನಕ್ಕೆ ಹತ್ತು ತಾಸು ಓದುತ್ತೇನೆ ಅನ್ನಬೇಡಿ, ಅದು ಆಗದ ಮಾತು. ಎರಡು ತಾಸು ಸಾಕು, ದಿನಾ ಒಂದೇ ಹೊತ್ತಿಗೆ. ಓಪನಿಂಗ್ ಶಿಫ್ಟ್ ಇದ್ದವರು ಸಂಜೆ ಆರರಿಂದ ಎಂಟು ರೀಡಿಂಗ್ ರೂಮಿನಲ್ಲಿ ಕೂರಿ. ವಾರದ ರಜೆ ಪೂರ್ತಿ ಮಾಕ್ ಟೆಸ್ಟ್‌ಗೆ ಕೊಡಿ. ರೋಸ್ಟರ್ ಹಾಕುವವರಿಗೆ ಪರೀಕ್ಷೆ ದಿನಾಂಕ ತಿಂಗಳು ಮುಂಚೆ ಬರೆದು ಕೊಡಿ, ಹಿಂದಿನ ರಾತ್ರಿ ಫೋನ್ ಮಾಡಬೇಡಿ. ಎಷ್ಟು ಅಟೆಂಪ್ಟ್ ಅಂತ ನೀವೇ ಗೆರೆ ಎಳೆದುಕೊಳ್ಳಿ. ಕೌಂಟರ್ ಹಿಂದೆ ನಿಂತಾಗ ಪುಸ್ತಕದ ಚಿಂತೆ, ಪುಸ್ತಕದ ಮುಂದೆ ಕೂತಾಗ ಕೌಂಟರ್ ಚಿಂತೆ ಮಾಡುವವರಿಗೆ ಎರಡೂ ಕಡೆ ಅರ್ಧ ಫಲ.

11. ಕ್ಲೀನಿಂಗ್‌ಗೆ ಹಿಂದೇಟು ಹಾಕಬೇಡಿ

ದಿನಾ ರಾತ್ರಿ ಮಷಿನ್ ಬ್ಯಾಕ್‌ಫ್ಲಶ್ ಮಾಡಿ, ಅಂದರೆ ನೀರು ಹಿಮ್ಮುಖ ಹಾಯಿಸಿ ಒಳಗೆ ತೊಳೆಯಿರಿ. ಜಾಲರಿ ಬಿಚ್ಚಿ ತೊಳೆಯಿರಿ. ಗ್ರೈಂಡರ್ ಹಾಪರ್ ಒರೆಸಿ, ಹಳೆಯ ಎಣ್ಣೆ ಹೊಸ ಬೀನ್ಸ್‌ಗೆ ಕಮಟು ಹತ್ತಿಸುತ್ತದೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ನಿಮ್ಮದಾಗಿದೆಯೇ ನೋಡಿ. ಅದೇ ಸಂಸ್ಥೆಯ ಆಹಾರ ಸುರಕ್ಷತೆಯ ಫಾಸ್ಟ್ಯಾಕ್ ತರಬೇತಿ ಮುಗಿಸಿ, ಸರ್ಟಿಫಿಕೇಟ್ ಫೈಲಿಗೆ ಹಾಕಿ.

12. ಕೌಂಟರ್‌ನಿಂದ ಮುಂದಿನ ದಾರಿ ಈಗಲೇ ಆರಿಸಿ

ದಾರಿಗಳು ಹಲವು. ಶಿಫ್ಟ್ ಸೂಪರ್‌ವೈಸರ್, ಸ್ಟೋರ್ ಮ್ಯಾನೇಜರ್, ಟ್ರೇನರ್ ಒಂದು ದಾರಿ. ಹುರಿಯುವ ಕೆಲಸ ಮತ್ತೊಂದು. ರುಚಿ ಪರೀಕ್ಷೆ ಇನ್ನೊಂದು. ಬೆಂಗಳೂರಿನ ಕಾಫಿ ಬೋರ್ಡ್ ‘ಕಾಪಿ ಶಾಸ್ತ್ರ’ ಹೆಸರಿನ ಅಲ್ಪಾವಧಿ ತರಬೇತಿ ನಡೆಸುತ್ತದೆ, ಹುರಿಯುವುದು, ಇಳಿಸುವುದು ಕಲಿಸುತ್ತದೆ. ರಜೆ ಹಾಕಿ ಹೋಗಿ ಬನ್ನಿ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಫುಡ್ ಟೆಕ್ನಾಲಜಿ, ಕೃಷಿಯಂಥ ವಿಷಯದಲ್ಲಿ ಪದವಿ ಆದವರಿಗೆ ಅದೇ ಬೋರ್ಡ್ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಪಿಜಿ ಡಿಪ್ಲೊಮಾ ಕೊಡುತ್ತದೆ. ಕರ್ನಾಟಕ ಕಾಲೇಜು, ಕೃಷಿ ವಿಶ್ವವಿದ್ಯಾಲಯದಿಂದ ಡಿಗ್ರಿ ಹಿಡಿದು ಇದೇ ಸಪ್ತಾಪುರದಲ್ಲಿ ಅರ್ಜಿ ಕರೆಯುವುದನ್ನು ಕಾಯುತ್ತಿರುವ ಎಷ್ಟೋ ಜನ ಇದನ್ನು ಕೇಳಿಯೇ ಇಲ್ಲ. ಅದು ನನಗೆ ಬಹಳ ಬೇಸರದ ಸಂಗತಿ.

ಸ್ಪರ್ಧೆಯ ಹುಮ್ಮಸ್ಸು ಇದ್ದರೆ ರಾಷ್ಟ್ರೀಯ ಬರಿಸ್ತಾ ಚಾಂಪಿಯನ್‌ಶಿಪ್ ಇದೆ, ಅದರಾಚೆ 2000ದಲ್ಲಿ ಶುರುವಾದ ವಿಶ್ವ ಚಾಂಪಿಯನ್‌ಶಿಪ್. ಅಲ್ಲಿ 15 ನಿಮಿಷದಲ್ಲಿ 12 ಡ್ರಿಂಕ್: ನಾಲ್ಕು ಎಸ್‌ಪ್ರೆಸೊ, ನಾಲ್ಕು ಹಾಲಿನದು, ನಾಲ್ಕು ಸ್ವಂತ ರೆಸಿಪಿ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ನಿಮ್ಮ ಖಾಲಿ ಮಧ್ಯಾಹ್ನದಲ್ಲಿ ಎಸ್‌ಪ್ರೆಸೊ, ಹಾಲಿನ ಎಂಟು ಡ್ರಿಂಕ್ ಮೊದಲು ಪ್ರಯತ್ನಿಸಿ.

ಸ್ವಂತ ಶಾಪ್ ಹಾಕುವ ಆಸೆಯೇ? ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ಕಾರ್ಮಿಕರು ಸುಮ್ಮನೆ ಕೂರಲಿಲ್ಲ. 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿ ಇಂಡಿಯನ್ ಕಾಫಿ ಹೌಸ್‌ ತಾವೇ ನಡೆಸಿದರು. ಕಪ್ಪು ತೊಳೆದ ಕೈಗಳೇ ಲೆಕ್ಕದ ಪುಸ್ತಕವನ್ನೂ ಹಿಡಿದವು. ನೀವೂ ಲೆಕ್ಕದಿಂದಲೇ ಶುರು ಮಾಡಿ. ಒಂದು ಕ್ಯಾಪುಚಿನೊದ ಖರ್ಚು ಬರೆಯಿರಿ. ಕಿಲೋ ಬೀನ್ಸ್‌ನಲ್ಲಿ 18 ಗ್ರಾಂನಂತೆ 55 ಡಬಲ್ ಶಾಟ್, ಬೆಳಗಿನ ಟ್ರಯಲ್ ಮತ್ತು ವೇಸ್ಟ್ ಕಳೆದು 50 ಅಂತ ಹಿಡಿಯಿರಿ. ಕಪ್ಪಿಗೆ 150 ಮಿಲಿಲೀಟರ್ ಹಾಲು, ಲೀಟರಿಗೆ ಆರು ಕಪ್. ಸಕ್ಕರೆ, ಪೇಪರ್ ಕಪ್, ಮುಚ್ಚಳ, ಕರೆಂಟ್, ನೀರಿನ ಫಿಲ್ಟರ್ ಸೇರಿಸಿ. ಕೊನೆಗೆ ಸಪ್ತಾಪುರದ ಮಳಿಗೆ ಬಾಡಿಗೆಯನ್ನು 30ರಿಂದ ಭಾಗಿಸಿ, ಆ ದಿನದ ಬಾಡಿಗೆ ಹುಟ್ಟಲು ಎಷ್ಟು ಕಪ್ ಹೋಗಬೇಕು ಅಂತ ನೋಡಿ. ಈಗ ನಿಮ್ಮ ಶಾಪಿನಲ್ಲಿ ಮಳೆ ಸುರಿವ ಮಂಗಳವಾರ ಎಷ್ಟು ಕಪ್ ಹೋಗುತ್ತವೆ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಭಾನುವಾರದ ಸಂಖ್ಯೆ ಬೇಡ, ಮಂಗಳವಾರದ್ದೇ ಬರೆಯಿರಿ.